ಹತ್ತನೆಯ ಪೆಟ್ಟಿಗೆ

ಆ ಮನೆಯಲ್ಲಿ ಮರ ಗಂಡಸರ ಪಾಲು, ಎಣಿಕೆ ಹೆಂಗಸರ ಪಾಲು. ಯಾರೂ ಕೂತು ಬರೆದಿಟ್ಟದ್ದಲ್ಲ; ಅಜ್ಜಿಯ ಮಾವನ ಕಾಲದಿಂದ ನಡೆದುಬಂದದ್ದು. ಕೆಳಗಡೆ ಶವಪೆಟ್ಟಿಗೆ ಮಾಡುವ ಕೋಣೆ, ಮೇಲುಗಡೆ ವಾಸದ ಮನೆ. ಕೋಣೆಯಲ್ಲಿ ಎರಡು ಉದ್ದನೆಯ ಮೇಜು, ಗೋಡೆಗೆ ಒರಗಿಸಿದ ಹಲಗೆಗಳು, ಕಿಟಕಿಯ ಪಕ್ಕ ಒಂದು ಹೊಲಿಗೆ ಯಂತ್ರ, ಕಾಲಿಟ್ಟಲ್ಲೆಲ್ಲ ಗರಗಸದ ಪುಡಿ. ಬೀದಿಯವರು ಅದನ್ನು ಪೆಟ್ಟಿಗೆ ಅಂಗಡಿ ಎನ್ನುತ್ತಿದ್ದರು. ಹೊಸಬರು ಯಾವುದೋ ಸಣ್ಣ ಅಂಗಡಿಯೆಂದುಕೊಂಡು ಬೆಂಕಿಪೊಟ್ಟಣ ಕೇಳಿಕೊಂಡು ಬಂದು, ಒಳಗೆ ಒಂದು ಸಲ ಕಣ್ಣು ಹಾಯಿಸಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತಿದ್ದರು.

ಚರ್ಚಿನ ಸಭೆಯ ಉಳಿದವರೆಲ್ಲ ತಿಂಗಳ ಮೊದಲ ಭಾನುವಾರ ದೇವರಿಗೆಂದು ಗಳಿಕೆಯ ಹತ್ತನೆಯ ಪಾಲನ್ನು, ದಶಮಾಂಶವನ್ನು, ಲಕೋಟೆಗೆ ಹಾಕಿ ಕಾಣಿಕೆ ತಟ್ಟೆಯಲ್ಲಿ ಇಡುತ್ತಿದ್ದರು. ಸಂಬಳದವರಿಗೆ ಅದರಲ್ಲಿ ತಲೆನೋವಿಲ್ಲ. ಹತ್ತರಿಂದ ಭಾಗಿಸಿದರೆ ಮುಗಿಯಿತು. ಈ ಮನೆಯವರು ದೇವರಿಗೆ ಕೊಡುತ್ತಿದ್ದದ್ದು ಹತ್ತನೆಯ ಪೆಟ್ಟಿಗೆಯನ್ನೇ. ಒಂಬತ್ತಕ್ಕೆ ಹಣ, ಹತ್ತನೆಯದು ಯಾರ ಮನೆಗೆ ಹೋಗುತ್ತದೋ ಅವರಿಗೆ ಪುಕ್ಕಟೆ. ಅವರು ಬಡವರೇ ಆಗಬೇಕೆಂದಿರಲಿಲ್ಲ. ಮೂರಂತಸ್ತಿನ ಮನೆಯವರಾದರೂ ಸರಿ, ಮುರುಕು ಗುಡಿಸಲಿನವರಾದರೂ ಸರಿ, ಹತ್ತನೆಯವರು ಹತ್ತನೆಯವರೇ.

ಇದು ಶುರುವಾದ ಕಥೆಯನ್ನು ಅಜ್ಜಿ ಮೊಮ್ಮಗಳಿಗೆ ನೂರು ಸಲ ಹೇಳಿದ್ದಳು, ನೂರು ಸಲವೂ ಒಂದೊಂದು ಸಣ್ಣ ಸುಳ್ಳು ಸೇರಿಸಿ. ಅವಳ ಮಾವ ಹೊಸದಾಗಿ ಈ ಕೆಲಸಕ್ಕೆ ಕೈಹಾಕಿದಾಗ, ಚರ್ಚಿನಲ್ಲಿ ಸಾವಿನ ಗಂಟೆ ಹೊಡೆದ ತಕ್ಷಣ ಅವನ ಹೊಟ್ಟೆ ತಣ್ಣಗಾಗುತ್ತಿತ್ತಂತೆ, ಇವತ್ತು ಊಟಕ್ಕೆ ಚಿಂತೆಯಿಲ್ಲ ಎಂದು. ಒಂದು ದಿನ ತನ್ನ ಹೊಟ್ಟೆಯ ಆ ಸುಖ ತನಗೇ ಗೊತ್ತಾಗಿ, ಆ ಮನುಷ್ಯ ಎರಡು ದಿನ ಅನ್ನ ಮುಟ್ಟಲಿಲ್ಲವಂತೆ. ಮೂರನೆಯ ದಿನ ಹೆಂಡತಿಯನ್ನು ಕರೆದು ಹೇಳಿದನಂತೆ: ಇನ್ನು ಮೇಲೆ ಹತ್ತಕ್ಕೊಂದು ದೇವರದು. ಎಣಿಕೆ ನೀನು ಇಟ್ಟುಕೋ, ನನಗೆ ಹೇಳಬೇಡ. ಗಂಟೆ ಹೊಡೆದಾಗ ಅದು ನಮ್ಮ ಅನ್ನವೋ ದೇವರ ಪಾಲೋ ನನಗೆ ಗೊತ್ತಾಗಬಾರದು. ಹಲಗೆ ಕೊಯ್ಯುವಾಗಲೂ ಗೊತ್ತಾಗಬಾರದು. ಗೊತ್ತಾದರೆ ದೇವರ ಪಾಲಿಗೆ ಗಂಟು ಬಿದ್ದ ಹಲಗೆಯನ್ನೇ ಎತ್ತಿಕೊಂಡೇನು.

ಹಾಗಾಗಿ ಎಣಿಕೆ ಹೆಂಗಸರಿಗೆ ಬಂತು. ಕೋಣೆಯ ಬಾಗಿಲ ಹಿಂಬದಿಯಲ್ಲಿ ಸೀಮೆಸುಣ್ಣದ ಗೀಟು. ಒಂದು ಪೆಟ್ಟಿಗೆ ಹೊರಗೆ ಹೋದರೆ ಒಂದು ಗೀಟು. ಒಂಬತ್ತು ಗೀಟಾದ ಮೇಲಿನ ಪೆಟ್ಟಿಗೆಗೆ ಮುಚ್ಚಳ ಕೂಡಿಸಿ, ವಾರ್ನಿಷು ಒಣಗಿ, ಇನ್ನೇನು ಅವರ ಮನೆಯವರು ಬರಬೇಕು ಎನ್ನುವಾಗ ಮನೆಯ ಹೆಂಗಸು ಬಂದು "ಇದು ದೇವರದು" ಎನ್ನುತ್ತಿದ್ದಳು. ಆ ಪೆಟ್ಟಿಗೆ ಹೋದ ಮೇಲೆ ಒದ್ದೆ ಬಟ್ಟೆಯಿಂದ ಗೀಟುಗಳನ್ನೆಲ್ಲ ಒರೆಸಿ ಮತ್ತೆ ಮೊದಲಿನಿಂದ. ಆ ಬಾಗಿಲು ಹಗಲೆಲ್ಲ ಗೋಡೆಗೆ ಅಂಟಿಕೊಂಡು ತೆರೆದೇ ಇರುತ್ತಿತ್ತು. ಹಿಂಬದಿ ನೋಡುವುದು ಗಂಡಸರಿಗೆ ಹೇಳಿದ ಕೆಲಸವಾಗಿರಲಿಲ್ಲ.

ಅಜ್ಜಿಯ ಕೈಯಿಂದ ಎಣಿಕೆ ಸೊಸೆಯ ಕೈಗೆ ಬಂತು. ಇಪ್ಪತ್ತೆಂಟು ವರ್ಷ ಅವಳು ಒಂದು ಗೀಟೂ ತಪ್ಪಲಿಲ್ಲ. ಪೆಟ್ಟಿಗೆಯೊಳಗಿನ ಬಿಳಿ ಬಟ್ಟೆ, ಹತ್ತಿ ತುಂಬಿದ ತಲೆದಿಂಬು ಎಲ್ಲ ಅವಳದೇ ಹೊಲಿಗೆ. ಮಗಳಿಗೂ ಅದನ್ನೇ ಕಲಿಸಿದಳು. ಹುಡುಗಿ ತೆಳ್ಳಗೆ, ಮಾತು ಚುಚ್ಚು, ಕೈಯಲ್ಲಿ ಯಾವಾಗಲೂ ಸೂಜಿ. ಹಾಗಾಗಿ ಅವಳನ್ನು ಇಡೀ ಬೀದಿ ಸೂಜಿ ಎಂದೇ ಕರೆಯಿತು. ಒಂದು ಸೋಮವಾರ ಮಧ್ಯಾಹ್ನ ತಾಯಿ ಹೊಲಿಗೆ ಯಂತ್ರದ ಮುಂದೆ ಕೂತವಳು, ಸ್ವಲ್ಪ ಎದೆ ಹಿಡಿದ ಹಾಗಾಗುತ್ತಿದೆ, ನೀರು ಕೊಡು ಎಂದಳು. ಸೂಜಿ ಮೇಲೆ ಹೋಗಿ ನೀರು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಪ್ಪ ಅವತ್ತೇ ಪೆಟ್ಟಿಗೆಗೆ ಕೂತ. ಬೇರೆ ಯಾರಿಂದಲೋ ತರಿಸೋಣ ಎಂದವರ ಎದುರೇ ಹಲಗೆ ಎತ್ತಿಕೊಂಡ. ಅಳತೆ ಪಟ್ಟಿ ಹಿಡಿಯಲಿಲ್ಲ. ಮೂವತ್ತು ವರ್ಷ ಪಕ್ಕದಲ್ಲಿ ಮಲಗಿದವಳ ಉದ್ದ ಅವನಿಗೆ ಗೊತ್ತಿತ್ತು. ಸೂಜಿ ಒಳಬಟ್ಟೆ ಹೊಲಿದಳು. ನೆರಿಗೆ ಒಂದೊಂದೂ ಸಮನಾಗಿ ಬಂತು. ಹೊಲಿಯುತ್ತ ಅವಳಿಗೆ ಏನೂ ಅನ್ನಿಸಲಿಲ್ಲ. ಪೆಟ್ಟಿಗೆಯನ್ನು ಹೊತ್ತುಕೊಂಡು ಹೋದರು. ಸ್ಮಶಾನದಿಂದ ಮರಳಿ ಬಂದವಳು ಚಪ್ಪಲಿ ಬಿಟ್ಟು, ಬಾಗಿಲ ಹಿಂದೆ ಹೋಗಿ ನೋಡಿದಳು. ಒಂಬತ್ತು ಗೀಟಿತ್ತು. ತಾಯಿಯ ಕೈಯ ಗೀಟುಗಳು, ಸ್ವಲ್ಪ ಎಡಕ್ಕೆ ವಾಲಿದವು. ಅವಳು ಹತ್ತನೆಯದನ್ನು ಎಳೆದಳು. ಬಟ್ಟೆ ಒದ್ದೆ ಮಾಡಿ ತಂದು ಹತ್ತನ್ನೂ ಒರೆಸಿದಳು.

ಅದಾಗಿ ಎರಡು ತಿಂಗಳು. ಆ ಎರಡು ತಿಂಗಳು ಸೂಜಿ ಕಿವಿಗೆ ಹತ್ತಿ ತುರುಕಿಕೊಂಡವಳ ಹಾಗೆ ಬದುಕಿದಳು. ಯಾರು ಏನು ಅಂದರೂ ಪಕ್ಕದ ಕೋಣೆಯಿಂದ ಕೇಳಿದಂತೆ. ಹಸಿವಾದರೆ ಉಣ್ಣುತ್ತಿದ್ದಳು, ಆಗದಿದ್ದರೂ ಉಣ್ಣುತ್ತಿದ್ದಳು. ಸಮಾಧಾನ ಹೇಳಲು ಬಂದ ಹೆಂಗಸರು ಇವಳ ಒಣಗಿದ ಕಣ್ಣು ನೋಡಿ ಮೆಟ್ಟಿಲಿಳಿಯುವಾಗ ಪಿಸುಗುಟ್ಟಿದರು. ಒಂದು ಭಾನುವಾರ ಪಾಸ್ಟರು ಕೊಡುವುದರ ಬಗ್ಗೆ ಪ್ರಸಂಗ ಮಾಡಿದರು. ಮುಖ ಗಂಟಿಕ್ಕಿಕೊಂಡು ಕೊಟ್ಟದ್ದು ದೇವರಿಗೆ ಬೇಡ, ಮನಸ್ಸು ಅರಳಿಸಿಕೊಂಡು ಕೊಡಬೇಕು ಎಂದರು. ಸೂಜಿ ತನ್ನ ಮನಸ್ಸನ್ನು ಹುಡುಕಿದಳು. ಅರಳುವುದು ಹಾಗಿರಲಿ, ಗಂಟಿಕ್ಕುವುದಕ್ಕೂ ಅಲ್ಲಿ ಏನೂ ಇರಲಿಲ್ಲ.

ಒಂದೇ ಒಂದು ಯೋಚನೆ ಮಾತ್ರ ಇತ್ತು, ಅದನ್ನು ಅವಳು ಯಾರಿಗೂ ಹೇಳಿರಲಿಲ್ಲ. ಅಮ್ಮ ಹತ್ತನೆಯವಳು. ಹತ್ತನೆಯದು ದೇವರದು. ಹಾಗಾದರೆ ಅಮ್ಮನನ್ನು ಯಾರೂ ಕಿತ್ತುಕೊಂಡು ಹೋದದ್ದಲ್ಲ, ನಾವೇ ಕೊಟ್ಟದ್ದು. ಬೆಳಿಗ್ಗೆ ಎದ್ದು ಕೂತಾಗ ಈ ಮೂರು ಮಾತನ್ನು ಒಂದರ ಮೇಲೊಂದು ಇಟ್ಟರೆ ಮೆಟ್ಟಿಲಿಳಿದು ಕೆಳಗೆ ಹೋಗುವಷ್ಟು ಬಲ ಬರುತ್ತಿತ್ತು.

ಆ ಎರಡು ತಿಂಗಳಲ್ಲಿ ಎರಡು ಪೆಟ್ಟಿಗೆ ಹೋದವು. ಮೊದಲನೆಯದು ಔಷಧಿ ಅಂಗಡಿಯ ಯಜಮಾನನ ತಂದೆಯದು. ಯಜಮಾನ ಮಗ್ಗುಲಿನ ಹಿಡಿಕೆಗಳು ಹಿತ್ತಾಳೆಯವೋ ಬರೀ ಬಣ್ಣವೋ ಎಂದು ಉಗುರಿನಿಂದ ಗೀರಿ ನೋಡಿ, ಚೌಕಾಸಿ ಮಾಡಿ, ಕೊನೆಗೆ ಪೂರ್ತಿ ಹಣ ಕೊಟ್ಟಿದ್ದ. ಎರಡನೆಯದು ಬೀದಿಯ ತುದಿಯಲ್ಲಿ ಬಟ್ಟೆಗೆ ಇಸ್ತ್ರಿ ಹಾಕುವ ಅಕ್ಕನ ಗಂಡನದು. ಅವಳು ಹಣವನ್ನು ದಿಂಬಿನ ಚೀಲದಲ್ಲಿ ತಂದಿದ್ದಳು, ಅರ್ಧ ಚಿಲ್ಲರೆಯೇ. ಸೂಜಿ ಎರಡನ್ನೂ ತೆಗೆದುಕೊಂಡು ಬಾಗಿಲ ಹಿಂದೆ ಎರಡು ಗೀಟು ಹಾಕಿದ್ದಳು.

ಮೂರನೆಯದು ನಿವೃತ್ತ ಮೇಷ್ಟ್ರೊಬ್ಬರದು. ಅಪ್ಪ ಕೊನೆಯ ಮೊಳೆ ಹೊಡೆದು, ಮುಚ್ಚಳದ ಶಿಲುಬೆಯನ್ನು ಒರೆಸಿ, ಸುತ್ತಿಗೆ ಕೆಳಗಿಟ್ಟು ಮಗಳ ಕಡೆ ತಿರುಗಿದ. ಮೇಷ್ಟ್ರ ಮನೆಯವರು ಸಂಜೆ ನಾಲ್ಕಕ್ಕೆ ಬರುವವರಿದ್ದರು. ಹೊಲಿಗೆ ಯಂತ್ರದ ಪಕ್ಕದ ಕುರ್ಚಿಯಲ್ಲಿ ಅಜ್ಜಿ ದಾರದುಂಡೆ ಬಿಡಿಸುತ್ತ ಕೂತಿದ್ದಳು.

"ಸೂಜಿ, ನೀನು ಆ ಮಾತು ಹೇಳೇ ಇಲ್ವಲ್ಲ ಮಗಾ" ಎಂದ ಅಪ್ಪ. "ಬಹಳ ದಿನ ಆಯ್ತು ಅನ್ಸುತ್ತೆ."

ಇದು ದೇವರದು ಎನ್ನುವ ಮಾತು; ಯಾವುದೆಂದು ಅವಳು ಕೇಳಬೇಕಾಗಿರಲಿಲ್ಲ. "ಅದು ಆಗೋಯ್ತು ಅಪ್ಪ. ಈಗ ಮೂರನೇದು ನಡೀತಿದೆ."

"ಆಗೋಯ್ತಾ? ಯಾರಿಗೆ ಹೋಯ್ತು?"

"ಅಮ್ಮನಿಗೆ."

ಅಜ್ಜಿಯ ಕೈಯಲ್ಲಿ ದಾರ ನಿಂತಿತು. ಅಪ್ಪ ಮೇಜಿನ ಅಂಚನ್ನು ಬೆರಳಿನಿಂದ ಸವರಿದ. ಗದರಲಿಲ್ಲ. ಅಮ್ಮ ಹೋದ ಮೇಲೆ ಅವನ ದನಿ ಇಳಿದುಹೋಗಿತ್ತು. ಮೊಳೆಗಳನ್ನು ಬಾಯಲ್ಲಿಟ್ಟುಕೊಂಡು ಮಾತಾಡುವವನ ಹಾಗೆ ಅರ್ಧ ತುಟಿಯಲ್ಲೇ ಆಡುತ್ತಿದ್ದ. ಅಮ್ಮನ ಪೆಟ್ಟಿಗೆ ಲೆಕ್ಕಕ್ಕೆ ಬರುವುದಿಲ್ಲ ಎಂದ. ನಾವು ಯಾರಿಂದ ಹಣ ತೆಗೆದುಕೊಳ್ಳುತ್ತಿದ್ದೆವು? ನನ್ನ ಜೇಬಿನಿಂದ ನಾನೇ? ತೆಗೆದುಕೊಳ್ಳಲಾಗದ್ದನ್ನು ಬಿಟ್ಟುಕೊಟ್ಟೆ ಎಂದು ದೇವರ ಮುಂದೆ ಹೇಳುವುದು ಹೇಗೆ?

ಸೂಜಿ ಒಪ್ಪಲಿಲ್ಲ. ಒಂಬತ್ತಾದ ಮೇಲೆ ಬಂದದ್ದು ಹತ್ತನೆಯದು, ಅದು ಯಾರದಾದರೇನು, ಆರಿಸಬಾರದೆಂಬುದೇ ಅಲ್ಲವೇ ಈ ಮನೆಯ ಕಟ್ಟಳೆ ಎಂದು ವಾದಿಸಿದಳು. ಎರಡು ತಿಂಗಳಲ್ಲಿ ಅಷ್ಟು ಮಾತನ್ನು ಅವಳು ಒಟ್ಟಿಗೆ ಆಡಿರಲಿಲ್ಲ. ಆಡುವಾಗಲೂ ಆ ದನಿ ತನ್ನದಲ್ಲ, ಇನ್ಯಾರೋ ಓದಿ ಹೇಳುತ್ತಿದ್ದಾರೆ ಎನ್ನಿಸುತ್ತಿತ್ತು. ಅಜ್ಜಿ ತನ್ನ ಮಾವನ ಕಾಲದಲ್ಲೂ ಮನೆಯ ಸಾವುಗಳಿಗೆ ಗೀಟು ಹಾಕುತ್ತಿರಲಿಲ್ಲ ಎಂದು ನಡುವೆ ಬಾಯಿ ಹಾಕಿದಳು. ಇದು ಅವಳು ಈಗ ಹುಟ್ಟಿಸಿದ ಮಾತೋ ನಿಜವೋ ಎಂದು ಮಗನೂ ಮೊಮ್ಮಗಳೂ ಅವಳ ಮುಖ ನೋಡಿದರು. "ಏನು ನೋಡ್ತೀರಿ, ಇದೊಂದಕ್ಕೆ ನಾನು ಮಸಾಲೆ ಹಾಕಿಲ್ಲ" ಎಂದಳು ಅಜ್ಜಿ.

"ಹಾಗಾದ್ರೆ ಅಮ್ಮ ಏನಪ್ಪ?" ಎಂದಳು ಸೂಜಿ. "ಕೊಟ್ಟದ್ದಲ್ದೇ ಇದ್ರೆ ಏನು ಅದು?"

ಆಗ ಅಪ್ಪನಿಗೆ ತಿಳಿಯಿತು, ಇದು ಬಾಗಿಲ ಹಿಂದಿನ ಗೀಟಿನ ಜಗಳವಲ್ಲ ಎಂದು. ಅವನು ಮಗಳ ಎದುರಿನ ಮಣೆಯ ಮೇಲೆ ಕೂತ.

"ಕೊಡೋದು ಅಂದ್ರೆ ಕೈ ಬಿಡೋದು ಕಣೇ. ನಾನು ಅವಳ ಕೈ ಬಿಡ್ಲಿಲ್ಲ. ನನ್ನ ಕೇಳ್ಲೂ ಇಲ್ಲ ಯಾರೂ. ಅದನ್ನ ನಾನೇ ಕೊಟ್ಟೆ ಅಂತ ಹೇಳಿದ್ರೆ ಸುಳ್ಳಾಗುತ್ತೆ. ಹತ್ತನೇ ಪೆಟ್ಟಿಗೆಲಿ ಸುಳ್ಳು ಇಡೋದು ಬೇಡ."

ಹೊರಗೆ ಗಾಡಿಯೊಂದು ಹಾದುಹೋಯಿತು. ಸೂಜಿ ಅಪ್ಪನ ಬೆರಳಿನ ಸಂದಿಯಲ್ಲಿ ಒಣಗಿದ ಅಂಟನ್ನು ನೋಡುತ್ತ ಕೂತಳು. ಬೆಳಿಗ್ಗೆ ಒಂದರ ಮೇಲೊಂದು ಇಡುತ್ತಿದ್ದ ಮೂರು ಮಾತುಗಳಲ್ಲಿ ನಡುವಿನದು ಮಾತ್ರ ಈಗ ಉಳಿದಿತ್ತು. ಹತ್ತನೆಯದು ದೇವರದು.

ಹತ್ತನೆಯದನ್ನು ಬಾಕಿ ಇಟ್ಟುಕೊಂಡು ಇನ್ನೊಂದು ಪೆಟ್ಟಿಗೆಯನ್ನು ಹೊಸಿಲು ದಾಟಿಸಬಾರದು ಎಂದು ಅಪ್ಪ ಹೇಳಿದ. ಅಮ್ಮನನ್ನು ಬಿಟ್ಟು ಎಣಿಸಿದರೆ ಒಂಬತ್ತರ ನಂತರ ಬಂದದ್ದು ಔಷಧಿ ಅಂಗಡಿಯವರ ಪೆಟ್ಟಿಗೆ. ಹಣ ಅವರಿಗೆ ಹೋಗಬೇಕು, ಮೇಷ್ಟ್ರ ಮನೆಯವರು ಬರುವುದರೊಳಗೆ. ಸೂಜಿ ಇಸ್ತ್ರಿ ಅಕ್ಕನ ದಿಂಬಿನ ಚೀಲವನ್ನು ನೆನೆದು, ಒಂದೇ ಒಂದು ಗೀಟು ಆಚೆಗೆ ಸರಿದಿದ್ದರೆ ಅದು ಅವಳಿಗೆ ಹೋಗುತ್ತಿತ್ತಲ್ಲ ಎಂದಳು. ಯಜಮಾನರಿಗೆ ಆ ಹಣ ಗಲ್ಲಾಪೆಟ್ಟಿಗೆಯ ಮೂಲೆಗೂ ಸಾಲದು.

"ಆರಿಸಿ ಕೊಡೋದು ನಿನ್ನ ದಾನ, ಎಣಿಸಿ ಕೊಡೋದು ದೇವರ ಪಾಲು" ಎಂದಳು ಅಜ್ಜಿ. "ಎರಡನ್ನೂ ಕಲಸಬೇಡ. ಅವಳಿಗೆ ಕೊಡೋ ಮನಸ್ಸಿದ್ರೆ ನಿನ್ನ ಗಂಟಿಂದ ಕೊಡು. ಯಾರು ಬೇಡ ಅಂದ್ರು?"

ಮನಸ್ಸಿಲ್ಲ ಎಂದಳು ಸೂಜಿ. ಯಾವುದಕ್ಕೂ ಇಲ್ಲ. ಆದರೂ ಮೇಲೆ ಹೋದವಳು, ಅಪ್ಪ ಒಳಬಟ್ಟೆಯ ಹೊಲಿಗೆಗೆಂದು ತಿಂಗಳು ತಿಂಗಳು ಕೊಡುತ್ತಿದ್ದ ಕೂಲಿಯ ಎರಡು ತಿಂಗಳ ಲಕೋಟೆಗಳನ್ನು ಕಪಾಟಿನಿಂದ ತೆಗೆದಳು. ಒಡೆದೂ ಇರಲಿಲ್ಲ. ಏನು ಕೊಳ್ಳಬೇಕೆಂದು ಹೊಳೆಯದೆ ಹಾಗೇ ಬಿದ್ದಿದ್ದವು. ಯಜಮಾನರ ಹಣವನ್ನು ಅಪ್ಪ ಒಂದು ಕಂದು ಕಾಗದದಲ್ಲಿ ಸುತ್ತಿ ಕೊಟ್ಟ.

ಇಸ್ತ್ರಿ ಅಕ್ಕ ತನ್ನ ಮೇಜಿನ ಮುಂದೆ ನಿಂತಿದ್ದಳು, ಯಾರದೋ ಬಿಳಿ ಅಂಗಿಯ ಕಾಲರಿನ ಮೇಲೆ ಇಸ್ತ್ರಿ ಪೆಟ್ಟಿಗೆ ಒತ್ತುತ್ತ. ಗಂಡ ಹೋಗಿ ಇನ್ನೂ ತಿಂಗಳಾಗಿರಲಿಲ್ಲ. ನೀರು ಚಿಮುಕಿಸಿದ ಬಟ್ಟೆಯಿಂದ ಹಬೆ ಏಳುತ್ತಿತ್ತು. ಸೂಜಿ ಲಕೋಟೆಗಳನ್ನು ಮಡಿಸಿದ ಬಟ್ಟೆಗಳ ಪಕ್ಕ ಇಟ್ಟಳು. ಅಕ್ಕ ಒಳಗೆ ಇಣುಕಿ ನೋಡಿ, ಪೆಟ್ಟಿಗೆಯನ್ನು ನೆಟ್ಟಗೆ ನಿಲ್ಲಿಸಿ, ಇದು ಯಾತಕ್ಕೆ, ಯಾರು ಕಳಿಸಿದ್ದು ಎಂದು ವಿಚಾರಿಸಿದಳು. ಯಾರೂ ಕಳಿಸಲಿಲ್ಲ, ನನ್ನ ಕೂಲಿ ಎಂದಳು ಸೂಜಿ. ನಂತರ, ಸುಳ್ಳು ಹೇಳುವುದು ಬೇಡ ಎಂದು ಅಪ್ಪ ಹೇಳಿದ್ದು ಇನ್ನೂ ಕಿವಿಯಲ್ಲಿ ಇದ್ದುದರಿಂದಲೋ ಏನೋ, "ಅಕ್ಕಾ, ಕೊಡಬೇಕು ಅಂತ ನನಗೇನೂ ಅನ್ನಿಸ್ತಿಲ್ಲ. ಪ್ರೀತಿಯಿಂದ ಕೊಡ್ತಿದ್ದೀನಿ ಅಂತ ತಿಳ್ಕೋಬೇಡಿ" ಎಂದಳು.

ಅಕ್ಕ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ನಿನಗೆ ಅನ್ನಿಸ್ದಿದ್ರೆ ಅಂಗಡಿಯವನು ಅಕ್ಕಿ ಕೊಡಲ್ಲ ಅಂತಾನಾ?" ಎಂದಳು. "ಇಲ್ಲಿ ಕೊಡು. ನನಗೂ ಏನೂ ಅನ್ನಿಸ್ತಿಲ್ಲ, ಇಸ್ಕೋತಿದ್ದೀನಿ."

ಲಕೋಟೆಗಳನ್ನು ರವಿಕೆಯೊಳಗೆ ಸೇರಿಸಿ ಮತ್ತೆ ಕಾಲರಿಗೆ ಬಗ್ಗಿದಳು. ಸೂಜಿ ಅಲ್ಲಿಂದ ಹೊರಟಾಗ ಅವಳಿಗೆ ಹಗುರವೂ ಆಗಲಿಲ್ಲ, ಭಾರವೂ ಆಗಲಿಲ್ಲ. ಕೈಯಲ್ಲಿ ಇದ್ದದ್ದು ಈಗ ಕೈಯಲ್ಲಿ ಇರಲಿಲ್ಲ, ಅಷ್ಟೆ.

ಔಷಧಿ ಅಂಗಡಿ ಮೂಲೆಯ ಕಟ್ಟಡದಲ್ಲಿತ್ತು. ಗಾಜಿನ ಕಪಾಟುಗಳು, ಬಿಳಿ ದೀಪ, ಕೆಮ್ಮಿನ ಔಷಧಿಯ ಸಿಹಿ ವಾಸನೆ. ಯಜಮಾನ ಕನ್ನಡಕವನ್ನು ಹಣೆಗೆ ಏರಿಸಿಕೊಂಡು ಗುಳಿಗೆಯ ಪಟ್ಟಿಗಳನ್ನು ಕತ್ತರಿಯಿಂದ ಕತ್ತರಿಸುತ್ತಿದ್ದ. ಸೂಜಿ ಕಂದು ಕಾಗದದ ಕಟ್ಟನ್ನು ಗಾಜಿನ ಮೇಲಿಟ್ಟು, ನಿಮ್ಮ ತಂದೆಯವರ ಪೆಟ್ಟಿಗೆ ದೇವರ ಪಾಲಿನದು, ಆವತ್ತು ತಪ್ಪಿ ಹಣ ತೆಗೆದುಕೊಂಡೆ ಎಂದಳು. ದಾರಿಯುದ್ದಕ್ಕೂ ಅವಳು ಎರಡನ್ನು ಎಣಿಸಿಕೊಂಡು ಬಂದಿದ್ದಳು: ಅವನು ಧರ್ಮದ ಪೆಟ್ಟಿಗೆಯಲ್ಲಿ ನಮ್ಮಪ್ಪನನ್ನು ಮಲಗಿಸುವುದಕ್ಕೆ ನಮಗೇನು ಗತಿಯಿಲ್ಲವೇ ಎಂದು ಸಿಡಿಯಬಹುದು. ಇಲ್ಲವೇ, ದೊಡ್ಡ ಮನಸ್ಸು ಮಾಡಿ ಯಾರಾದರೂ ಬಡವರಿಗೆ ಕೊಡು ಎನ್ನಬಹುದು.

ಅವನು ಎರಡನ್ನೂ ಮಾಡಲಿಲ್ಲ. ಕಟ್ಟನ್ನು ಬಿಚ್ಚಿ, ಹೆಬ್ಬೆರಳಿಗೆ ಎಂಜಲು ಹಚ್ಚಿ ಎಣಿಸಿದ. ಇನ್ನೊಂದು ಸಲ ಎಣಿಸಿದ. ಒಂದು ನೋಟನ್ನು ಬೆಳಕಿಗೆ ಹಿಡಿದು, ಇದು ಹರಿದಿದೆ, ಬೇರೆ ಕೊಡು ಎಂದ. ಬೇರೆ ತಂದಿಲ್ಲ, ನಾಳೆ ತರುತ್ತೇನೆ ಎಂದಳು. ಆಗಲಿ ಎಂದು ಆ ನೋಟನ್ನು ಅವಳ ಕಡೆಗೆ ಸರಿಸಿ, ಉಳಿದದ್ದನ್ನು ಗಲ್ಲಾಕ್ಕೆ ಹಾಕಿ ಬೀಗ ತಿರುಗಿಸಿದ. ದೇವರ ಪಾಲು ಹೋಗಿ ಸೇರಿದ್ದು ಹೀಗೆ.

ಅವಳು ತಿರುಗುವಷ್ಟರಲ್ಲಿ ಯಜಮಾನ ಕನ್ನಡಕ ಇಳಿಸಿಕೊಂಡ.

"ಅಲ್ಲಮ್ಮ, ತಪ್ಪು ಹೇಗಾಯ್ತು? ನಿಮ್ಮ ಮನೇಲಿ ಎಣಿಕೆ ತಪ್ಪಲ್ಲ ಅಂತ ನಮ್ಮಪ್ಪ ಹೇಳೋರು. ನಿಮ್ಮಮ್ಮ ತಾನೇ ಎಣಿಸೋದು?"

"ಈಗ ನಾನು ಎಣಿಸೋದು."

"ಯಾಕೆ, ಅವರಿಗೇನಾಯ್ತು?"

ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ. ಅಮ್ಮ ತೀರಿಕೊಂಡ ವಾರವೇ ಅವನ ತಂದೆ ಆಸ್ಪತ್ರೆಯಲ್ಲಿದ್ದರು. ಅವನ ಲೋಕವೂ ಆಗ ಒಂದು ಹಾಸಿಗೆಯಷ್ಟೇ ಅಗಲವಿತ್ತು. ಪೆಟ್ಟಿಗೆ ಒಯ್ಯಲು ಬಂದ ದಿನ ಹಿಡಿಕೆಗಳನ್ನು ಬಿಟ್ಟು ಬೇರೇನನ್ನೂ ಅವನು ನೋಡಿರಲಿಲ್ಲ. ಇಡೀ ಊರಿಗೆ ಯಾರೋ ಹೇಳಿದ್ದರು, ಸೂಜಿ ಯಾರಿಗೂ ಹೇಳಬೇಕಾಗಿ ಬಂದಿರಲಿಲ್ಲ. ಈಗ ಅವನು ಉತ್ತರಕ್ಕೆ ಕಾಯುತ್ತಿದ್ದ, ಕೈಯಲ್ಲಿ ಕತ್ತರಿ ಹಿಡಿದು.

"ಅಮ್ಮ ಸತ್ತೋದ್ಲು" ಎಂದಳು ಸೂಜಿ. "ನಾನು ಅವಳನ್ನ ಹತ್ತನೆಯವಳು ಅಂತ ಎಣಿಸಿದ್ದೆ. ಅವಳು ಲೆಕ್ಕದಲ್ಲಿ ಇಲ್ಲ."

ಯಜಮಾನ ಅಯ್ಯೋ ಎನ್ನಲಿಲ್ಲ. ದೇವರ ಚಿತ್ತ ಎನ್ನಲಿಲ್ಲ. ಗಾಜಿನ ಕಪಾಟಿನ ಪಕ್ಕದ ಸಣ್ಣ ಬಾಗಿಲು ತೆರೆದು, ಇಂಜೆಕ್ಷನ್ ಹಾಕಿಸಿಕೊಳ್ಳುವವರಿಗೆಂದು ಇಟ್ಟಿದ್ದ ಸ್ಟೂಲನ್ನು ಹೊರಗೆ ಎಳೆದು, ಅದರ ಮೇಲಿದ್ದ ಖಾಲಿ ರಟ್ಟಿನ ಡಬ್ಬಗಳನ್ನು ನೆಲಕ್ಕೆ ತಳ್ಳಿದ. ಕೂತ್ಕೋ ಎಂದ. ಕೆಲಸವಿದೆ, ನಾಲ್ಕಕ್ಕೆ ಮೇಷ್ಟ್ರ ಮನೆಯವರು ಬರುತ್ತಾರೆ ಎನ್ನುತ್ತಲೇ ಅವಳು ಕೂತಳು.

ಗಿರಾಕಿಗಳು ಬಂದರು. ಒಬ್ಬರಿಗೆ ಜ್ವರದ ಗುಳಿಗೆ, ಒಬ್ಬರಿಗೆ ಮಗುವಿನ ಹಾಲಿನ ಪುಡಿ. ಯಜಮಾನ ಅವಳ ಇರವನ್ನೇ ಮರೆತವನಂತೆ ಕೊಡುತ್ತ, ಚಿಲ್ಲರೆ ಎಣಿಸುತ್ತ ಇದ್ದ. ನಡುವೆ ಒಮ್ಮೆ, ಯಾರ ಕಡೆಗೂ ನೋಡದೆ, ತನ್ನ ಅಪ್ಪ ಹೋದ ಮೇಲೆ ತಾನು ಅಂಗಡಿಯಲ್ಲಿ ರಸೀದಿಗೆ ತಾರೀಖು ಹಾಕುವುದನ್ನೇ ಮರೆಯುತ್ತಿದ್ದೇನೆ ಎಂದ. ಅದು ಅವಳಿಗೇ ಹೇಳಿದ್ದಿರಬೇಕು.

ಹಾಲಿನ ಪುಡಿ ಕೊಂಡ ಹೆಂಗಸು ಹೋಗುವ ಮುನ್ನ ಸ್ಟೂಲಿನ ಕಡೆ ಬಗ್ಗಿ, ಹುಷಾರಿಲ್ವೇನಮ್ಮ, ಜೊತೆಗೆ ಯಾರೂ ಬಂದಿಲ್ವಾ ಎಂದು ವಿಚಾರಿಸಿದಳು. ಸೂಜಿ ತಲೆಯೆತ್ತಿದಳು. ಹುಷಾರಾಗಿದ್ದೇನೆ ಎನ್ನಬೇಕೆಂದಿದ್ದಳು.

"ನಮ್ಮಮ್ಮ ಸತ್ತೋದ್ಲು" ಎಂದಳು. ಎರಡನೆಯ ಸಲ ಹೇಳುವಾಗ ಅದು ತನ್ನದೇ ದನಿ ಎನ್ನಿಸಿತು. ಆ ಹೆಂಗಸು ಹಾಲಿನ ಪುಡಿಯ ಡಬ್ಬವನ್ನು ಕಂಕುಳಿಗೆ ಸೇರಿಸಿಕೊಂಡು ಅಲ್ಲೇ ನಿಂತಳು. ಗೋಡೆಯ ಗಡಿಯಾರದಲ್ಲಿ ಮೂರೂಮುಕ್ಕಾಲು ಆಗಿತ್ತು. ಎದ್ದು ಹೋಗಬೇಕಿತ್ತು, ಬಾಗಿಲ ಹಿಂದೆ ಔಷಧಿ ಅಂಗಡಿಯವರ ಗೀಟನ್ನು ಅಳಿಸಿ ಇಸ್ತ್ರಿ ಅಕ್ಕನದನ್ನು ಒಂದು ಎಂದು ಉಳಿಸಬೇಕಿತ್ತು, ಮೇಷ್ಟ್ರದನ್ನು ಎರಡು ಎಂದು ಎಣಿಸಬೇಕಿತ್ತು. ಸೂಜಿ ಏಳಲಿಲ್ಲ. ಯಾವಾಗ ಹೋದ್ರು ಎಂದು ಆ ಹೆಂಗಸು ಕೇಳಿದಳು, ಮತ್ತು ಸೂಜಿ ಮೊದಲಿನಿಂದ ಹೇಳತೊಡಗಿದಳು.